ಕಾಡುಹಂದಿಯೂ ಸುಖದ ಲೆಕ್ಕದಲ್ಲಿ

ಭೂತಾನದ ಹಳ್ಳಿಗಳಲ್ಲಿ ಮೆಕ್ಕೆಜೋಳ ತೆನೆಗಟ್ಟಿತೆಂದರೆ ರೈತರಿಗೆ ನಿದ್ದೆಯಿಲ್ಲ. ರಾತ್ರಿ ಕಾಡುಹಂದಿ, ಹಗಲು ಕೋತಿ, ದಕ್ಷಿಣದ ತಪ್ಪಲಲ್ಲಾದರೆ ಆನೆ. ಹೊಲದಲ್ಲೇ ಕಾವಲು ಕೂತು, ಕೂಗು ಹಾಕುತ್ತಾ ಬೆಳಗು ಮಾಡಬೇಕು. ಹೊಡೆದು ಹಾಕೋಣವೆಂದರೆ ಜೀವಹಿಂಸೆ ಪಾಪವೆಂದು ನಂಬಿದ ಬೌದ್ಧ ಮನಸ್ಸು ಹಿಂಜರಿಯುತ್ತದೆ. ಕಾಡು ಸವರೋಣವೆಂದರೆ, ದೇಶದ ಕನಿಷ್ಠ ಶೇ. 60ರಷ್ಟು ನೆಲ ಎಂದೆಂದಿಗೂ ಕಾಡಾಗಿಯೇ ಉಳಿಯಬೇಕೆಂದು 2008ರ ಸಂವಿಧಾನ ಕಟ್ಟುಮಾಡಿದೆ. ಮಲೆನಾಡಿನ ಓದುಗರಿಗೆ ಈ ಪಾಡನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಭೂತಾನದಲ್ಲಿ ಆ ಹಾಳಾದ ಬೆಳೆಯೂ ಕೆಟ್ಟ ನಿದ್ದೆಯೂ ದೇಶದ ಸುಖದ ಲೆಕ್ಕಕ್ಕೆ ಸೇರುತ್ತವೆ.

ಒಟ್ಟು ರಾಷ್ಟ್ರೀಯ ಉತ್ಪನ್ನಕ್ಕಿಂತ ಒಟ್ಟು ರಾಷ್ಟ್ರೀಯ ಸಂತೋಷ ದೊಡ್ಡದು ಎಂದು 1970ರ ದಶಕದಲ್ಲಿ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ಹೇಳಿದ್ದು ಎಲ್ಲರಿಗೂ ಗೊತ್ತು. ಆ ಮಾತನ್ನು ಮುಂದೆ ಅಧಿಕಾರಿಗಳು ಪ್ರಶ್ನಾವಳಿಯಾಗಿಸಿದರು: 9 ಕ್ಷೇತ್ರ, 33 ಸೂಚಕ. 2010, 2015 ಮತ್ತು 2022ರಲ್ಲಿ ಗಣತಿದಾರರು ಮನೆಗಳಿಗೆ ಹೋಗಿ ಕೇಳಿದ್ದು ಆದಾಯವನ್ನಷ್ಟೇ ಅಲ್ಲ. ಪ್ರಾರ್ಥನೆ ಎಷ್ಟು ಸಲ? ನಿತ್ಯದ ಬದುಕಿನಲ್ಲಿ ಕರ್ಮದ ಯೋಚನೆ ಬರುತ್ತದೆಯೇ? ನೆರೆಯವರ ಮೇಲೆ ನಂಬಿಕೆಯಿದೆಯೇ? ನಿನ್ನೆ ಎಷ್ಟು ಹೊತ್ತು ಮಲಗಿದಿರಿ? ಹೆಂಗಸರ ಸಂಬಳವಿಲ್ಲದ ಮನೆಗೆಲಸವೂ ಅಲ್ಲಿ ದುಡಿಮೆಯೇ.

ದುಃಖದ ಬೇರು ತೃಷ್ಣೆ ಎಂದವನು ಬುದ್ಧ. ಒಳಗಿನ ಆ ಬೇರನ್ನು ಸರ್ಕಾರದ ಫಾರಂ ಮುಟ್ಟೀತೆ? ದಿನಕ್ಕೆ ನೂರು ಸಲ ಮಣಿ ಎಣಿಸುವವನ ಮನಸ್ಸು ಎಲ್ಲಿದೆಯೆಂದು ಗಣತಿದಾರನಿಗೆ ಹೇಗೆ ತಿಳಿಯಬೇಕು? ಈ ಆಕ್ಷೇಪಕ್ಕೆ ತೂಕವಿದೆ, ತಳ್ಳಿಹಾಕುವಂತಿಲ್ಲ. ಆದರೂ ಈ ಸೂಚ್ಯಂಕದ ಧರ್ಮ ಇರುವುದು ಪ್ರಾರ್ಥನೆಯ ಪ್ರಶ್ನೆಯಲ್ಲಿ ಅಲ್ಲವೆನಿಸುತ್ತದೆ. ಪ್ರತಿ ಸೂಚಕಕ್ಕೂ ಅದು ‘ಇಷ್ಟು ಸಾಕು’ ಎಂಬ ಗೆರೆ ಎಳೆದಿದೆ. 8 ತಾಸು ನಿದ್ದೆ, 6 ವರ್ಷ ಶಾಲೆ, ಆದಾಯದ ಹತ್ತರಲ್ಲೊಂದು ದಾನ ಅಥವಾ ವರ್ಷಕ್ಕೆ 3 ದಿನದ ಸೇವೆ. ಗೆರೆ ದಾಟಿದ ಮೇಲೆ ಎಷ್ಟು ಗಳಿಸಿದರೂ ಹೆಚ್ಚಿನ ಅಂಕವಿಲ್ಲ. ಸಿರಿವಂತನ ಎರಡನೇ ಮನೆ ಅವನ ನಿದ್ದೆಗೆಟ್ಟ ರಾತ್ರಿಯನ್ನು ಸರಿದೂಗಿಸದು. ಜಿಡಿಪಿಗೆ ಇಂಥ ಗೆರೆ ಗೊತ್ತೇ ಇಲ್ಲ. ಬುದ್ಧನ ಮಧ್ಯಮ ಮಾರ್ಗ ಅಂಕಗಣಿತಕ್ಕೆ ಇಳಿದರೆ ಹೆಚ್ಚುಕಡಿಮೆ ಹೀಗೇ ಕಾಣಬಹುದು.

ಈ ಲೆಕ್ಕ ಹಳ್ಳಿಯನ್ನು ಹೊಗಳುವವರ ಬಾಯಿಯನ್ನೂ ಕಟ್ಟಿತು. 2010ರ ಸಮೀಕ್ಷೆಯಲ್ಲಿ ಪಟ್ಟಣಿಗರಲ್ಲಿ ಶೇ. 50ರಷ್ಟು ಮಂದಿ ಸುಖಿಗಳೆನಿಸಿದರೆ ಹಳ್ಳಿಗರಲ್ಲಿ ಶೇ. 37 ಮಾತ್ರ. ಒಕ್ಕಟ್ಟು, ಸಂಸ್ಕೃತಿಯಲ್ಲಿ ಹಳ್ಳಿ ಮುಂದಿತ್ತು. ಓದು, ಆರೋಗ್ಯ, ಜೀವನಮಟ್ಟದಲ್ಲಿ ಹಿಂದೆ. ಗಂಡಸರಲ್ಲಿ ಶೇ. 49 ಸುಖಿಗಳು, ಹೆಂಗಸರಲ್ಲಿ ಶೇ. 33. ಹಳ್ಳಿಯ ನೆಮ್ಮದಿಯನ್ನು ಕೊಂಡಾಡುವವರು ಸಾಮಾನ್ಯವಾಗಿ ಅಲ್ಲಿ ನೀರು ಹೊರುವವರಲ್ಲ ಎಂಬುದನ್ನು ಒಂದು ಬೌದ್ಧ ದೇಶದ ಅಂಕಿಗಳೇ ತೋರಿಸಿಕೊಟ್ಟವು. 2022ರ ಹೊತ್ತಿಗೆ ಸೂಚ್ಯಂಕ 0.743ರಿಂದ 0.781ಕ್ಕೆ ಏರಿದೆ ಎನ್ನಿ.

ಇದೇ ದೇಶ 1990ರ ದಶಕದ ಆರಂಭದಲ್ಲಿ ದಕ್ಷಿಣ ತಪ್ಪಲಿನ ನೇಪಾಳಿ ಭಾಷಿಕರನ್ನು, ಬಹುಪಾಲು ರೈತರನ್ನು, ಹೊರದಬ್ಬಿತು. ಆಗಲೂ ಒಟ್ಟು ರಾಷ್ಟ್ರೀಯ ಸಂತೋಷದ ಮಾತು ಚಾಲ್ತಿಯಲ್ಲೇ ಇತ್ತು. ಸುಮಾರು ಒಂದು ಲಕ್ಷ ಜನ ಪೂರ್ವ ನೇಪಾಳದ ನಿರಾಶ್ರಿತರ ಶಿಬಿರ ಸೇರಿದರು. 2007ರ ನಂತರ ಅವರಲ್ಲಿ ಹೆಚ್ಚಿನವರು ಅಮೆರಿಕ ಮತ್ತಿತರ ದೇಶಗಳಲ್ಲಿ ನೆಲೆಸಿದ್ದಾರೆ. ಕೆಲವು ಸಾವಿರ ಮಂದಿ ಶಿಬಿರಗಳಲ್ಲೇ ಉಳಿದರು. ಮೂರು ಸಮೀಕ್ಷೆಗಳಲ್ಲಿ ಒಂದರ ಪ್ರಶ್ನಾವಳಿಯೂ ಅವರ ಬಾಗಿಲಿಗೆ ಹೋಗಲಿಲ್ಲ.