ಕೈ ಎತ್ತಿದವನ ಪಾಲು

ಕಳೆದ ವರ್ಷ ಸೋದರಮಾವ ಊರಿನಿಂದ ಪುಣೆಗೆ ಬಂದಾಗ ಜೇಜುರಿಗೆ ಕರೆದುಕೊಂಡು ಹೋಗಿದ್ದೆ. ಮರಾಠಿಗರ ಖಂಡೋಬ ನಮಗೆ ಮೈಲಾರಲಿಂಗ. ಸುತ್ತಲಿನವರು 'ಯಳಕೋಟ' ಎಂದರೆ ಮಾವ 'ಏಳುಕೋಟಿ' ಎಂದು ಕೂಗುತ್ತಿದ್ದರು. ಮೆಟ್ಟಿಲು, ದೀಪಸ್ತಂಭ, ಜನರ ತಲೆ ಎಲ್ಲವೂ ಭಂಡಾರದಿಂದ ಹಳದಿಯಾಗಿದ್ದವು. ಅರ್ಧ ಹತ್ತಿ ದಣಿವಾರಿಸಿಕೊಳ್ಳುವಾಗ ಮಾವ ಮೆಲ್ಲಗೆ ಕೇಳಿದರು: "ತಮ್ಮಾ, ಆ ಬ್ಯಾಂಕಿನ ಉಳಿದ ರೊಕ್ಕ ಯಾವಾಗ ಬರತೈತಿ?"

ಅದು ನಮ್ಮೂರ ಕಡೆಯ ಒಂದು ಪಟ್ಟಣ ಸಹಕಾರಿ ಬ್ಯಾಂಕು. ವಿಮೆಯ ಐದು ಲಕ್ಷ ಬಂದಿದೆ, ಉಳಿದದ್ದು ನಿಂತಿದೆ. ನಾನು ಅಲ್ಲಿ ಸದಸ್ಯನೆಂಬ ಧೈರ್ಯದ ಮೇಲೆ ಮಾವ ನಿವೃತ್ತಿಯ ಹಣ ಇಟ್ಟಿದ್ದರು. ನಾನಾದರೋ ಸದಸ್ಯನಾದದ್ದು ಮನೆ ಸಾಲಕ್ಕಾಗಿ. ಒಮ್ಮೆ ವಾರ್ಷಿಕ ಮಹಾಸಭೆಗೆ ಹೋಗಿ, ವರದಿ ತೆರೆಯದೆಯೇ ಲೆಕ್ಕಪತ್ರದ ಅಂಗೀಕಾರಕ್ಕೆ ಕೈ ಎತ್ತಿ, ಊಟ ಮಾಡಿ ಬಂದಿದ್ದೆ. ಹಾಗಾದರೆ ನಾನು ಮೋಸಹೋದವನೋ, ಮೋಸಕ್ಕೆ ಒಪ್ಪಿಗೆ ಕೊಟ್ಟವನೋ?

ಇಂಥ ಕಥೆಗಳು ಹೊಸವಲ್ಲ. ಪುಣೆಯ ರೂಪೀ ಬ್ಯಾಂಕಿನ ಮೇಲೆ 2013ರಲ್ಲಿ ನಿರ್ಬಂಧ ಬಿತ್ತು. ಪರವಾನಗಿ ರದ್ದಾದದ್ದು 2022ರಲ್ಲಿ. ಬೆಂಗಳೂರಿನ ಗುರು ರಾಘವೇಂದ್ರ ಬ್ಯಾಂಕಿನ ಠೇವಣಿದಾರರಿಗೆ 2020ರ ಜನವರಿಯಲ್ಲಿ 35,000 ರೂಪಾಯಿಯ ಮಿತಿ ಬಂತು. 2019ರಲ್ಲಿ ಪಿಎಂಸಿ ಬ್ಯಾಂಕು ಕುಸಿದಾಗ, ಒಂದೇ ಸಮೂಹಕ್ಕೆ ಕೊಟ್ಟ ಸಾಲಗಳನ್ನು ಮುಚ್ಚಿಡಲು 21,049 ನಕಲಿ ಖಾತೆ ತೋರಿಸಿದ್ದರೆಂಬ ಆರೋಪ ಹೊರಬಿತ್ತು.

ಈ ಬ್ಯಾಂಕುಗಳ ರಚನೆಯಲ್ಲೇ ಒಂದು ತೊಡಕಿದೆ. ಸಾಲ ಬೇಕಾದವನು ಷೇರು ಕೊಂಡು ಸದಸ್ಯನಾಗುತ್ತಾನೆ, ಅವನಿಗೆ ಮತವಿದೆ. ಹಣ ಇಟ್ಟವನು ಸದಸ್ಯನಾಗಬೇಕೆಂದಿಲ್ಲ. ಅಂದರೆ ಆಡಳಿತ ಮಂಡಳಿಯನ್ನು ಆರಿಸುವವರಲ್ಲಿ ಸಾಲ ಪಡೆದವರೇ ಹೆಚ್ಚು. ಮುಳುಗಿದರೆ ಮುಳುಗುವುದು ಮಾವನಂಥವರ ಹಣ. ಮತ ನನ್ನದು, ನಷ್ಟ ಅವರದು.

ಸುಧಾರಣೆ ಆಗಿಲ್ಲವೆಂದಲ್ಲ. ನೂರು ಕೋಟಿ ಮತ್ತು ಹೆಚ್ಚು ಠೇವಣಿಯಿರುವ ಪಟ್ಟಣ ಬ್ಯಾಂಕುಗಳಲ್ಲಿ ಪರಿಣತರಿರುವ ಪ್ರತ್ಯೇಕ ನಿರ್ವಹಣಾ ಮಂಡಳಿ ಇರಬೇಕೆಂದು ರಿಸರ್ವ್ ಬ್ಯಾಂಕ್ 2019ರ ಡಿಸೆಂಬರಿನಲ್ಲಿ ಹೇಳಿತು. 2020ರ ಕಾನೂನು ತಿದ್ದುಪಡಿ ಅದರ ಕೈ ಇನ್ನಷ್ಟು ಬಲಪಡಿಸಿತು. ಆದರೆ ಮುಂಬೈಯ ಕಣ್ಣು ತಲುಪುವ ಮೊದಲು ಊರಿನ ಕಣ್ಣುಗಳಿದ್ದವಲ್ಲ?

ಆಫೀಸಿನಲ್ಲಿ ನನ್ನ ತಂಡದ ಯಾರೂ ತಾವು ಬರೆದ ಕೋಡನ್ನು ತಾವೇ ಪಾಸು ಮಾಡುವಂತಿಲ್ಲ. ಎಷ್ಟೇ ನಂಬಿಕಸ್ತನಿರಲಿ, ಇನ್ನೊಬ್ಬರು ನೋಡಲೇಬೇಕು. ಅದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ. ಊರಿನ ಸಭೆಯಲ್ಲಿ ಮಾತ್ರ ನಾನು ಬಾಯಿ ಬಿಡಲಿಲ್ಲ. ಅಧ್ಯಕ್ಷರು ಅಪ್ಪನ ಗೆಳೆಯರು. ಲೆಕ್ಕ ಕೇಳಿದರೆ ಸಂಶಯಪಟ್ಟಂತಾಗುತ್ತದೆ ಎಂದುಕೊಂಡೆ. ಅದನ್ನು ಗೌರವವೆಂದು ಕರೆದೆ. ನಿಜವಾಗಿ ಅದು ಮುಜುಗರ, ಸ್ವಲ್ಪ ಸೋಮಾರಿತನ.

ಕೈ ಎತ್ತಿದ್ದು ಕಳ್ಳತನವಲ್ಲ, ಒಪ್ಪುತ್ತೇನೆ. ಕದ್ದವನ ಪಾಪಕ್ಕೂ ನನ್ನ ಆಲಸ್ಯಕ್ಕೂ ಒಂದೇ ತಕ್ಕಡಿ ಸಲ್ಲದು. ಆದರೂ ಒಬ್ಬರು ನಮ್ಮನ್ನು ನಂಬಿ ಹಣ ಇಟ್ಟ ಮೇಲೆ, ಪ್ರಶ್ನೆ ಕೇಳುವುದು ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ. ಅದು ಅವರಿಗೆ ನಾವು ಕೊಡಬೇಕಾದ ಸಾಲ.

ಮೆಟ್ಟಿಲ ಮೇಲೆ ಮಾವನಿಗೆ ಅಷ್ಟೆಲ್ಲ ಹೇಳಲಾಗಲಿಲ್ಲ. "ಮಾಮಾ, ನಾ ಆ ವರದಿ ಓದೇ ಇರಲಿಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಕೇಳಿರಲಿಲ್ಲಲ್ಲೋ" ಎಂದು ಮೊಣಕಾಲು ಹಿಡಿದು ಎದ್ದರು. ಇನ್ನೂ ಅರ್ಧ ಮೆಟ್ಟಿಲು ಬಾಕಿ ಇತ್ತು.