ಕಾಯುವ ಕಣ್ಣು, ಕದಿಯುವ ಕಣ್ಣು

ಕೇವಲ 75 ಸೆಂಟ್‌ಗಳ ಲೆಕ್ಕ ತಾಳೆಯಾಗದಿದ್ದರೆ ಯಾರು ತಲೆಕೆಡಿಸಿಕೊಂಡಾರು? 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ಖಗೋಳವಿಜ್ಞಾನಿ ಕ್ಲಿಫರ್ಡ್ ಸ್ಟಾಲ್ ಅದರ ಬೆನ್ನುಹತ್ತಿದರು. ಅಪರಿಚಿತನೊಬ್ಬನು ಅಲ್ಲಿನ ಗಣಕಯಂತ್ರವನ್ನೇ ಮೆಟ್ಟಿಲಾಗಿಸಿಕೊಂಡು ಸೇನೆಯ ಗಣಕಯಂತ್ರಗಳೊಳಗೆ ನುಸುಳುತ್ತಿದ್ದನು.

ಸ್ಟಾಲ್ ಕೂಡಲೇ ಬಾಗಿಲು ಮುಚ್ಚಲಿಲ್ಲ. ತಿಂಗಳುಗಟ್ಟಲೆ ಅವನ ಹೆಜ್ಜೆಗಳನ್ನು ಗುಟ್ಟಾಗಿ ದಾಖಲಿಸಿದರು. ಸುಳ್ಳು ಕಡತಗಳನ್ನು ಸೃಷ್ಟಿಸಿ ಆಮಿಷವನ್ನೂ ಒಡ್ಡಿದರು. ಅವುಗಳನ್ನು ಓದುತ್ತಾ ಆತನು ಕಾಲ ಕಳೆದಾಗ, ದೂರವಾಣಿಯ ಜಾಡು ಜರ್ಮನಿಯ ಹ್ಯಾನೋವರ್ ನಗರಕ್ಕೆ ಮುಟ್ಟಿತು. ಮಾರ್ಕುಸ್ ಹೆಸ್ ಎಂಬ ಆತನು ಕದ್ದ ಮಾಹಿತಿ ಸಂಗಡಿಗರ ಮೂಲಕ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಮಾರಾಟವಾಗುತ್ತಿತ್ತು. 1990ರಲ್ಲಿ ನ್ಯಾಯಾಲಯವು ಅವನನ್ನು ಅಪರಾಧಿಯೆಂದು ತೀರ್ಮಾನಿಸಿತು.

ಇಬ್ಬರೂ ಗುಟ್ಟಾಗಿಯೇ ನೋಡಿದರು. ಹಾಗಾದರೆ ಇಬ್ಬರೂ ಸಮಾನರೇ? ಅಲ್ಲ. ಸ್ಟಾಲ್ ತಮಗೆ ಒಪ್ಪಿಸಲಾಗಿದ್ದ ಮನೆಗೆ ನುಗ್ಗಿದವನನ್ನು ಮಾತ್ರ ನೋಡಿದರು. ಆ ನೋಟಕ್ಕೆ ಕಾರಣವಿತ್ತು, ಮಿತಿಯಿತ್ತು, ಕೊನೆಯೂ ಇತ್ತು. ತಾವು ಮಾಡಿದ್ದನ್ನೆಲ್ಲ 1989ರಲ್ಲಿ ಪುಸ್ತಕವಾಗಿಸಿ ಲೋಕದ ಮುಂದಿಟ್ಟರು.

ಪ್ರಿಯ ಓದುಗರೇ, ಈ ಪ್ರಶ್ನೆ ಇಂದು ನಮ್ಮ ಮನೆಯ ಹೊಸ್ತಿಲಿಗೇ ಬಂದಿದೆ. ಮಕ್ಕಳ ಮೊಬೈಲನ್ನೂ ಬಾಳಸಂಗಾತಿಯ ಸಂದೇಶಗಳನ್ನೂ ಕದ್ದು ನೋಡುವುದು ಸುಲಭವಾಗಿದೆ. 'ಪ್ರೀತಿಯಿಂದಲೇ ನೋಡಿದೆ' ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ಅವರು ನಮ್ಮ ಮನೆಗೆ ನುಗ್ಗಿದವರಲ್ಲ, ಮನೆಯವರು. ಎಳೆಯರನ್ನು ಕಾಯುವುದು ಹೆತ್ತವರ ಕರ್ತವ್ಯವೇ ಸರಿ. ಅದನ್ನು ಅವರಿಗೆ ತಿಳಿಸಿಯೇ ಮಾಡೋಣ. ಕೈ ಚಾಚುವ ಮುನ್ನ ಅಂತಃಸಾಕ್ಷಿಯನ್ನು ಒಮ್ಮೆ ಕೇಳೋಣ: ನಾನು ನೋಡಿದ್ದನ್ನು ನಾಳೆ ಅವರ ಮುಖ ನೋಡಿ ಹೇಳಬಲ್ಲೆನೇ?