ಪರೀಕ್ಷೆಯೂ ಮುದ್ರೆಯೂ

ಪರೀಕ್ಷಿಸದೆ ಇರುವುದನ್ನು ಪರೀಕ್ಷಿತವೆಂದು ಬರೆದಿಟ್ಟರೆ ಅದು ಅಸತ್ಯವಾಗುವುದೆ? ಬರೆದವನಲ್ಲಿ ವಂಚನೆಯ ಉದ್ದೇಶವಿಲ್ಲದಿದ್ದರೂ ಆಗುವುದೆ?

ಅರಸೀಕೆರೆಯ ಮಾರುಕಟ್ಟೆಗೆ ಕೊಬ್ಬರಿಯನ್ನು ತಂದ ರೈತನು ವರ್ತಕನ ತಕ್ಕಡಿಯನ್ನು ತಾನೇ ಪರೀಕ್ಷಿಸಲಾರನು. ಸರಕಾರದ ಮುದ್ರೆಯನ್ನು ನೋಡಿ ನಂಬುತ್ತಾನೆ. ಪ್ರಮಾಣದ ತೂಕದ ಕಲ್ಲುಗಳನ್ನಿಟ್ಟು ಯಾರೋ ಅದನ್ನು ತೂಗಿ ನೋಡಿದ್ದಾರೆಂಬುದೇ ಆ ಮುದ್ರೆಯ ಅರ್ಥ. ತೂಗಿ ನೋಡದೆಯೇ ಮುದ್ರೆಯೊತ್ತಿದ್ದಾದರೆ, ತಕ್ಕಡಿಯು ದೈವವಶಾತ್ ಸರಿಯಾಗಿದ್ದರೂ, ಮುದ್ರೆ ಮಾತ್ರ ಸುಳ್ಳು.

ಇದೇ ಪ್ರಶ್ನೆ ಗಣಕಯಂತ್ರದ ಒಳಗೂ ಏಳುತ್ತದೆ. ಯಂತ್ರದ ಸಮಸ್ತ ಕಾರ್ಯಗಳನ್ನು ಹಂಚಿ ನಡೆಸುವ ತಿರುಳಿಗೆ ಕರ್ನೆಲ್ ಎಂದು ಹೆಸರು. ಲಿನಕ್ಸ್ ಎಂಬ ಕರ್ನೆಲ್ಲೇ ಆಂಡ್ರಾಯ್ಡ್ ಫೋನುಗಳಲ್ಲಿಯೂ ಇರುವುದರಿಂದ, ಇದು ಪಂಡಿತರ ವಿಷಯವಷ್ಟೇ ಅಲ್ಲ. ಬರಹವನ್ನು ಪರರು ಓದದಂತೆ ಗೂಢಗೊಳಿಸುವ ಗಣಿತವಿಧಿಗಳು ಅದರಲ್ಲಿ ಅಡಕವಾಗಿವೆ. ಯಾವ ವಿಧಿ ಸಿದ್ಧವಾಗಿದೆಯೆಂದು ತಿಳಿಯಬೇಕಾದವರು ‘ಪ್ರಾಕ್’ ಎಂಬ ಕೋಶದಲ್ಲಿರುವ ‘ಕ್ರಿಪ್ಟೊ’ ಎಂಬ ಕಡತವನ್ನು ನೋಡುತ್ತಾರೆ. ಅಲ್ಲಿ ಹೆಸರಿಲ್ಲದ ಮಾತ್ರಕ್ಕೆ ವಿಧಿಯಿಲ್ಲವೆನ್ನುವಂತಿಲ್ಲ. ಬೇಡಿಕೆ ಬಂದಾಗಲೇ ಒಳಕ್ಕೆ ಬರುವ ವಿಧಿಗಳೂ ಉಂಟು. ಹೆಸರಿದ್ದಲ್ಲಿ, ಅದರ ಜೊತೆಗೆ ಸ್ವಪರೀಕ್ಷೆಯ ಫಲವೂ ಬರೆದಿರುತ್ತದೆ.

ಸ್ವಪರೀಕ್ಷೆಯನ್ನು ಆತ್ಮಪ್ರಶಂಸೆಯೆಂದು ಹಗುರಾಗಿ ಎಣಿಸಬಾರದು. ಎ.ಇ.ಎಸ್. ಎಂಬ ವಿಧಿಯನ್ನು ಅಮೆರಿಕದ ಮಾನಕಸಂಸ್ಥೆಯು 2001ರಲ್ಲಿ ಪ್ರಕಟಿಸಿದಾಗ, ಇಂಥ ಕೀಲಿಯಿಂದ ಇಂಥ ಬರಹಕ್ಕೆ ಇಂಥದೇ ಗೂಢರೂಪ ಬರಬೇಕೆಂಬ ಮಾದರಿ ಲೆಕ್ಕಗಳನ್ನೂ ಕೊಟ್ಟಿತು. ಕರ್ನೆಲ್ಲು ಅಂಥ ಲೆಕ್ಕವನ್ನು ತಾನು ಮಾಡಿ ಉತ್ತರವನ್ನು ಹೋಲಿಸುತ್ತದೆ. ಉತ್ತರವು ಹೊರಗಿನದು, ತಕ್ಕಡಿಗೆ ಪ್ರಮಾಣದ ಕಲ್ಲಿದ್ದಂತೆ.

ತೊಡಕು ಇರುವುದು ಮುಂದೆ. ಕರ್ನೆಲ್ಲನ್ನು ಕಟ್ಟುವವರು ಈ ಪರೀಕ್ಷೆಗಳನ್ನು ಕೈಬಿಡಬಹುದು. ಯಂತ್ರವು ಎದ್ದು ನಿಲ್ಲುವ ಕಾಲ ಅಷ್ಟು ಉಳಿಯುತ್ತದೆ. ಹಾಗೆ ಕೈಬಿಟ್ಟಲ್ಲಿಯೂ ಆ ಕಡತವು ‘ಪಾಸ್ಡ್’, ಎಂದರೆ ಉತ್ತೀರ್ಣ, ಎಂದೇ ಹೇಳುತ್ತದೆ! ಒಳಗೆ ಇರುವುದು ಒಂದೇ ಗುರುತು. ಅದಿದ್ದರೆ ಉತ್ತೀರ್ಣ, ಇಲ್ಲದಿದ್ದರೆ ‘ತಿಳಿಯದು’. ಪರೀಕ್ಷೆಯೇ ನಡೆಯಲಿಲ್ಲವೆಂದು ಹೇಳಲು ಸ್ಥಳವಿಲ್ಲ. ಯಂತ್ರದ ಮಟ್ಟಿಗೆ ಆ ಗುರುತಿನ ಅರ್ಥ, ಇನ್ನು ಇದನ್ನು ಬಳಸಲು ಕಾಯಬೇಕಾಗಿಲ್ಲ ಎಂದಷ್ಟೆ.

ಹಾಗಾದರೆ ಸುಳ್ಳಾಡಿದವರು ಯಾರು? ಯಾರೂ ಇಲ್ಲವೆಂದು ವಾದಿಸಬಹುದು. ಆದರೆ ಮಾತು ಮನುಷ್ಯನ ಕಣ್ಣಿಗೆ ಬಿದ್ದ ಮೇಲೆ ಅವನು ಗ್ರಹಿಸುವ ಅರ್ಥಕ್ಕೂ ಬದ್ಧವಾಗುತ್ತದೆ. ಬರೆದವನ ಮನಸ್ಸು ಶುದ್ಧವಾಗಿತ್ತೆಂಬುದು ಓದಿ ಮೋಸಹೋದವನಿಗೆ ಸಮಾಧಾನವಾಗದು. ಬೇಲೂರಿನ ಕೆಲವು ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಹಳೇಬೀಡಿನಲ್ಲಿಯೂ ಶಿಲ್ಪಿಗಳ ಹೆಸರುಗಳುಂಟು. 12ನೆಯ ಶತಮಾನದ ದಾಸೋಜನ ಅಕ್ಷರಗಳು ಮಾಡಿದವನು ಇವನೆಂದು ತಿಳಿಸಿ, ಗುಣವನ್ನು ನೋಡುವವರಿಗೆ ಬಿಟ್ಟಿವೆ. ತಿಳಿದಷ್ಟನ್ನೇ ಹೇಳುವ ಆ ಮಿತಿಯು ಈ ಕಡತಕ್ಕೂ ಒಪ್ಪುತ್ತಿತ್ತು.

ಇನ್ನು ಪರೀಕ್ಷೆ ನಿಜವಾಗಿ ನಡೆದಿದ್ದರೂ ಅದು ಕ್ಷೇಮದ ಭರವಸೆಯಲ್ಲ. 1992ರ ಎಂ.ಡಿ.5 ವಿಧಿಯು ಪ್ರತಿ ಲೇಖಕ್ಕೂ ಗುರುತಾಗಿ ಒಂದು ಅಂಕವನ್ನು ಕೊಡುತ್ತದೆ. ಎರಡು ಬೇರೆ ಲೇಖಗಳಿಗೆ ಒಂದೇ ಅಂಕ ಬರುವುದನ್ನು ಚೀನದ ವಾಂಗ್ ಶ್ಯಾವ್ಯುನ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಸ್ವಪರೀಕ್ಷೆಯಲ್ಲಿ ಮಾತ್ರ ಅದು ಉತ್ತೀರ್ಣವೇ.

ಪರೀಕ್ಷೆಗಳನ್ನು ಉಳಿಸಿಕೊಂಡರೋ ಕೈಬಿಟ್ಟರೋ ಎಂಬುದು ಕರ್ನೆಲ್ಲನ್ನು ಕಟ್ಟಿದಾಗಿನ ಆಯ್ಕೆಗಳ ಪಟ್ಟಿಯಲ್ಲಿರುತ್ತದೆ. ಅನೇಕ ಲಿನಕ್ಸ್ ಗಣಕಗಳಲ್ಲಿ ಅದು ‘ಬೂಟ್’ ಎಂಬ ಕೋಶದಲ್ಲಿ ದೊರೆಯುತ್ತದೆ. ಫೋನು ಕೊಂಡ ಗೃಹಸ್ಥನು ಅಲ್ಲಿಯವರೆಗೆ ಹೋಗಿ ನೋಡಲಾರನು. ಅವನು ತಕ್ಕಡಿಯ ಮುಂದೆ ನಿಂತ ರೈತನ ಸ್ಥಿತಿಯಲ್ಲಿಯೇ ಇದ್ದಾನೆ.